ಹತ್ತು ಮೋಡ್ ಬೇಡ, ಒಂದು ಒಳ್ಳೆ ಮೋಟರ್ ಕೊಡಿ: ಮೂರು ಬಗೆಯ ವೈಬ್ರೇಟರ್, ಒಂದು ವಿಮರ್ಶೆ

ವೈಬ್ರೇಟರ್ ಡಬ್ಬದ ಮೇಲೆ ಏನೇನೋ ಬರೆದಿರುತ್ತಾರೆ. ಹತ್ತು ಮೋಡ್, ವಾಟರ್‌ಪ್ರೂಫ್, ಯುಎಸ್‌ಬಿ ಚಾರ್ಜಿಂಗ್, ರೇಷ್ಮೆಯಂಥ ಸಿಲಿಕೋನ್. ನನಗೆ ಬೇಕಾದ ಎರಡು ಸಂಖ್ಯೆ ಮಾತ್ರ ಇರುವುದೇ ಇಲ್ಲ. ಸೆಕೆಂಡಿಗೆ ಎಷ್ಟು ಸಲ ಅಲುಗುತ್ತದೆ? ಅಲುಗಿದಾಗ ಎಷ್ಟು ದೂರ ಹೋಗಿ ಬರುತ್ತದೆ? ಮೈಗೆ ಹಿತವೋ ಕಿರಿಕಿರಿಯೋ ಎನ್ನುವುದು ಬಹುಪಾಲು ಈ ಎರಡರಲ್ಲೇ ಇದೆ.

ಇಷ್ಟು ಗಟ್ಟಿಯಾಗಿ ಹೇಳುವುದಕ್ಕೆ ಕಾರಣ ನನ್ನ ಕೆಲಸ. ಪೀಣ್ಯದ ಒಂದು ಟೆಸ್ಟಿಂಗ್ ಲ್ಯಾಬಿನಲ್ಲಿದ್ದೇನೆ. ಬೈಕಿನ ಹೆಡ್‌ಲೈಟು, ಕಾರಿನ ಮೀಟರು, ಇಂಥವನ್ನು ಶೇಕರ್ ಮೇಲೆ ಬಿಗಿದು ಗಂಟೆಗಟ್ಟಲೆ ನಡುಗಿಸುವುದೇ ನನ್ನ ಹೊಟ್ಟೆಪಾಡು. ಯಾವ ಕಂಪನಕ್ಕೆ ಯಾವ ಸ್ಕ್ರೂ ಸಡಿಲವಾಗುತ್ತದೆ ಅಂತ ಇಪ್ಪತ್ತು ವರ್ಷದಿಂದ ನೋಡುತ್ತಿದ್ದೇನೆ. ಈ ವಿಮರ್ಶೆಯನ್ನೂ ಅದೇ ಕಣ್ಣಿನಲ್ಲಿ ಬರೆಯುತ್ತಿದ್ದೇನೆ.

ಇನ್ನೊಂದು ಕಾರಣ ನನ್ನ ವಯಸ್ಸು. 47. ಮುಟ್ಟು ಒಂದು ತಿಂಗಳು ಬಂದರೆ ಎರಡು ತಿಂಗಳು ನಾಪತ್ತೆ. ಒಳಗೆಲ್ಲ ಒಣಗಿದಂತಾಗಿ ಗಂಡನ ಜೊತೆ ಸೇರುವುದೇ ಉರಿಯ ಕೆಲಸವಾಗಿತ್ತು. ಗೈನಕಾಲಜಿಸ್ಟ್ ಹಚ್ಚಿಕೊಳ್ಳಲು ಈಸ್ಟ್ರೋಜನ್ ಕ್ರೀಮ್ ಬರೆದುಕೊಟ್ಟರು. ಆಮೇಲೆ, "ಒಂದು ಲೂಬ್ರಿಕೆಂಟ್, ಅಂದ್ರೆ ಜಾರಿಕೆಯ ಜೆಲ್, ತಗೊಳ್ಳಿ. ಬೇಕಿದ್ರೆ ವೈಬ್ರೇಟರ್ ಕೂಡ ತಗೋಬಹುದು. ಅಲ್ಲಿ ರಕ್ತ ಚೆನ್ನಾಗಿ ಓಡಾಡ್ಬೇಕು, ಅಷ್ಟೇ" ಅಂದರು. ಕ್ಯಾಲ್ಸಿಯಂ ಮಾತ್ರೆಯ ಬಗ್ಗೆ ಹೇಳಿದ ದನಿಯಲ್ಲೇ. ಮನೆಗೆ ಬಂದು ನಮ್ಮನೆಯವರಿಗೆ ಹೇಳಿದೆ. ಅವರೂ ಎಂಜಿನಿಯರ್ರೇ. "ಎಷ್ಟು ವಾಟು?" ಅಂತ ಕೇಳಿದರು.

ಹಾಗೆ ಮೂರು ಮನೆಗೆ ಬಂದವು. ಮೊದಲು 900 ರೂಪಾಯಿಯ ಬುಲೆಟ್. ಆಮೇಲೆ ದಪ್ಪ ತಲೆಯ ವಾಂಡ್. ಕೊನೆಗೆ ಗಾಳಿ ಒತ್ತಡದ್ದು. ನನ್ನ ಹತ್ತಿರ ಇರುವವುಗಳ ಕಂಪನಿ ಹೆಸರು ಬರೆಯುವುದಿಲ್ಲ. ಒಂದೊಂದು ಜಾತಿಯದ್ದೂ ಹತ್ತಾರು ಹೆಸರಿನಲ್ಲಿ ಸಿಗುತ್ತದೆ. ಒಳಗಿನ ತಂತ್ರ ಗೊತ್ತಿದ್ದರೆ ಯಾವ ಹೆಸರಿನದನ್ನಾದರೂ ಅಳೆಯಬಹುದು.

ಬುಲೆಟ್‌ನಿಂದ ಶುರು ಮಾಡುತ್ತೇನೆ. ಕಿರುಬೆರಳಿಗಿಂತ ಸ್ವಲ್ಪ ದಪ್ಪ. ರಿಮೋಟಿಗೆ ಹಾಕುವ ಸಣ್ಣ ಸೆಲ್ ಒಂದು. ಅದರ ಮುಚ್ಚಳ ಬಿಚ್ಚಿ ಒಳಗೆ ನೋಡಿದೆ. ಕಡಲೆಕಾಯಿ ಗಾತ್ರದ ಮೋಟರ್. ಅದರ ಕಡ್ಡಿಯ ತುದಿಗೆ ಅರ್ಧಚಂದ್ರಾಕಾರದ ಲೋಹದ ತುಂಡು. ಅಷ್ಟೇ ಇಡೀ ಯಂತ್ರ. ಭಾರ ಒಂದೇ ಕಡೆ ಇರುವುದರಿಂದ ಕಡ್ಡಿ ತಿರುಗಿದಾಗ ಇಡೀ ಡಬ್ಬಿ ಓಲಾಡುತ್ತದೆ. ಹಳೇ ಮೊಬೈಲುಗಳು ನಡುಗುತ್ತಿದ್ದುದೂ ಹೀಗೇ.

ಇದರಲ್ಲಿ ಒಂದು ತೊಡಕಿದೆ. ಸ್ಪೀಡ್ ಎರಡು ಪಟ್ಟಾದರೆ ಬಲ ನಾಲ್ಕು ಪಟ್ಟಾಗುತ್ತದೆ. ಆದರೆ ಡಬ್ಬಿ ಓಲಾಡುವ ದೂರ ಹೆಚ್ಚುಕಡಿಮೆ ಅಷ್ಟೇ ಇರುತ್ತದೆ. ಆ ದೂರವನ್ನು ನಿರ್ಧರಿಸುವುದು ಅರ್ಧಚಂದ್ರದ ಭಾರ, ಅದು ನಡುವಿನಿಂದ ಎಷ್ಟು ಆಚೆ ಕೂತಿದೆ ಎನ್ನುವುದು, ಮತ್ತು ಇಡೀ ಸಾಧನದ ತೂಕ. ಬುಲೆಟ್ ಒಳಗೆ ಭಾರಕ್ಕೆ ಜಾಗವೇ ಇಲ್ಲ. ಹಾಗಾಗಿ ಬಲ ಬೇಕೆಂದರೆ ಸ್ಪೀಡ್ ಏರಿಸುವುದೊಂದೇ ದಾರಿ. ಸ್ಪೀಡ್ ಏರಿದರೆ ಕಂಪನ ಚರ್ಮದ ಮೇಲ್ಪದರದಲ್ಲೇ ಜುಂ ಅಂತ ಓಡಾಡುತ್ತದೆ. ಒಳಗೆ ಇಳಿಯುವುದಿಲ್ಲ. ಕಡಿಮೆ ಸ್ಪೀಡಿಗೆ ಹಾಕಿದರೆ ಏನೂ ಗೊತ್ತೇ ಆಗುವುದಿಲ್ಲ. ನಡುವಿನ ದಾರಿ ಇಲ್ಲ.

ಮಾರುವವರು ಇದನ್ನು ಬಝಿ, ರಂಬ್ಲಿ ಅಂತ ಎರಡು ಮಾತಿನಲ್ಲಿ ಮುಗಿಸುತ್ತಾರೆ. ಅಡುಗೆಮನೆ ಲೆಕ್ಕದಲ್ಲಿ ಹೇಳುವುದಾದರೆ ಒಂದು ಮಿಕ್ಸಿ, ಇನ್ನೊಂದು ವೆಟ್ ಗ್ರೈಂಡರ್. ಕಟ್ಟೆಯ ಮೇಲೆ ಕೈ ಇಟ್ಟು ನೋಡಿ. ಮಿಕ್ಸಿ ಓಡುವಾಗ ಅಂಗೈ ಜುಮುಗುಡುತ್ತದೆ, ಗ್ರೈಂಡರ್ ಓಡುವಾಗ ಮೊಣಕೈವರೆಗೂ ಗೊತ್ತಾಗುತ್ತದೆ.

ಕಂಪನ ಅಳೆಯುವ ಲ್ಯಾಬಿನ ಅಕ್ಸಲರೋಮೀಟರ್ ಮನೆಗೆ ತರುವಷ್ಟು ಧೈರ್ಯ ನನಗಿಲ್ಲ. ಬೇಕಾಗಿಯೂ ಇಲ್ಲ. ಇಂಥ ಮೋಟರ್ ಸೆಕೆಂಡಿಗೆ ಎಷ್ಟು ಸಲ ತಿರುಗುತ್ತದೋ ಅದೇ ಅದರ ಶ್ರುತಿ. ಆ ಸಂಖ್ಯೆಯನ್ನೇ ಹರ್ಟ್ಜ್‌ನಲ್ಲಿ ಹೇಳುವುದು. ಮದುವೆಗೆ ಮುಂಚೆ ಸಂಗೀತ ಕಲಿತಿದ್ದೆ. ನನ್ನ ಶ್ರುತಿ ಬಿಳಿ ಐದು, ಹಾರ್ಮೋನಿಯಂನ ಐದನೇ ಬಿಳಿ ಮನೆ. ಅಂದರೆ ಷಡ್ಜ 196 ಹರ್ಟ್ಜ್. ಫೋನಿನಲ್ಲಿ ತಂಬೂರಿ ಆ್ಯಪ್ ಹಾಕಿಕೊಂಡು ಬುಲೆಟ್ ಆನ್ ಮಾಡಿದೆ. ಹೈ ಸ್ಪೀಡಿನಲ್ಲಿ ಅದು ನನ್ನ ರಿಷಭ ದಾಟಿ ಗಾಂಧಾರಕ್ಕೆ ತಲುಪದೆ ನಡುವೆ ಕೂಗುತ್ತದೆ. ಹತ್ತಿರ ಹತ್ತಿರ 230 ಹರ್ಟ್ಜ್. ಅಂಗಡಿಗೆ ಹೋಗಿ ಕೊಳ್ಳುವ ಅವಕಾಶ ಇದ್ದವರು ಕಿವಿಯಿಂದಲೇ ಆರಿಸಬಹುದು. ಸದ್ದು ತೆಳ್ಳಗಿದ್ದರೆ ಮೈಮೇಲೂ ತೆಳ್ಳಗೇ.

ಈಗ ವಾಂಡ್. ಈ ಜಾತಿಯ ಮೂಲಪುರುಷ ಹಿಟಾಚಿ ಮ್ಯಾಜಿಕ್ ವಾಂಡ್. 1968ರಲ್ಲಿ ಬೆನ್ನು, ಭುಜ ಒತ್ತುವ ಸಾಧನ ಅಂತಲೇ ಅಮೆರಿಕದ ಮಾರುಕಟ್ಟೆಗೆ ಬಂತು. ಹೆಂಗಸರು ಅದಕ್ಕೆ ಬೇರೆ ಕೆಲಸ ಹಚ್ಚಿದರು. 2013ರಲ್ಲಿ ಹಿಟಾಚಿ ತನ್ನ ಹೆಸರನ್ನು ಡಬ್ಬದಿಂದ ತೆಗೆಸಿತು. ಸಾಮಾನು ಮಾತ್ರ ಈಗಲೂ ಮ್ಯಾಜಿಕ್ ವಾಂಡ್ ಅನ್ನುವ ಹೆಸರಿನಲ್ಲೇ ಮಾರಾಟವಾಗುತ್ತಿದೆ. ಅದರ ಎರಡು ಸ್ಪೀಡು ನಿಮಿಷಕ್ಕೆ 5000 ಮತ್ತು 6000 ಸುತ್ತು. 60ರಿಂದ ಭಾಗಿಸಿದರೆ 83 ಮತ್ತು 100 ಹರ್ಟ್ಜ್. ಬುಲೆಟ್‌ನ ಅರ್ಧಕ್ಕಿಂತ ಕಡಿಮೆ! ಆದರೂ ಅದನ್ನು ಉಪಯೋಗಿಸಿದ ಯಾರೂ ಶಕ್ತಿ ಕಡಿಮೆ ಅಂದದ್ದಿಲ್ಲ. ಮೋಟರ್ ದೊಡ್ಡದು, ಭಾರವೂ ದೊಡ್ಡದು, ಹಾಗಾಗಿ ತಲೆ ಅಲುಗುವ ದೂರವೂ ಜಾಸ್ತಿ.

ನನ್ನದು ಬೇರೆ ಕಂಪನಿಯ, ಚಾರ್ಜ್ ಮಾಡುವ ವಾಂಡ್. ಹೈ ಸ್ಪೀಡಿನಲ್ಲಿ ಸರಿಯಾಗಿ ನನ್ನ ಮಂದ್ರ ಷಡ್ಜಕ್ಕೆ ಕೂರುತ್ತದೆ. ಅಂದರೆ ನೂರರ ಆಸುಪಾಸು. ಮೊದಲ ಸಲ ಆನ್ ಮಾಡಿದಾಗ ತೊಡೆಯ ಮೇಲಿಟ್ಟುಕೊಂಡೆ. ಮೂಳೆಯವರೆಗೂ ಹೋಯಿತು. ಬಟ್ಟೆಯ ಮೇಲಿಂದಲೇ ಉಪಯೋಗಿಸಿದರೂ ಒಳಗೆಲ್ಲ ತಲುಪುತ್ತದೆ. ಒಣಗಿ ಉರಿಯುವ ಚರ್ಮ ಇರುವವರಿಗೆ ಇದು ದೊಡ್ಡ ಅನುಕೂಲ. ನೇರವಾಗಿ ಮುಟ್ಟಿಸಲೇಬೇಕು ಅಂತಿಲ್ಲ. ತೆಳು ಕಾಟನ್ ಟವೆಲ್ಲನ್ನು ಎರಡು ಮಡಿಕೆ ಮಾಡಿ ನಡುವೆ ಇಟ್ಟುಕೊಂಡರೆ ಚೂಪು ಕಡಿಮೆಯಾಗುತ್ತದೆ, ಗುಂಗು ಉಳಿಯುತ್ತದೆ.

ಒಳಗೆ ತಲುಪುವುದು ಯಾಕೆ ಮುಖ್ಯ? ಕ್ಲಿಟೋರಿಸ್ ಅಂದರೆ ಹೊರಗೆ ಕಾಣುವ ಗುಂಡಿ ಅಂತಲೇ ನಾನೂ ಅಂದುಕೊಂಡಿದ್ದೆ. ಎಂಟನೇ ಕ್ಲಾಸಿನಲ್ಲಿ ಅದನ್ನೂ ಹೇಳಿಕೊಟ್ಟಿರಲಿಲ್ಲ ಬಿಡಿ. ಆಸ್ಟ್ರೇಲಿಯಾದ ಯುರಾಲಜಿಸ್ಟ್ ಹೆಲನ್ ಓಕಾನೆಲ್ 1998ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ ಅದರ ಬಹುಭಾಗ ಇರುವುದು ಒಳಗೆ. ಎರಡು ಕಾಲು, ಎರಡು ಗಡ್ಡೆ, ಮೂತ್ರನಾಳ ಮತ್ತು ಯೋನಿಯ ಅಕ್ಕಪಕ್ಕ ತಬ್ಬಿಕೊಂಡಿವೆ. ಮೃದುವಾದ ಮಾಂಸದಲ್ಲಿ ಹೆಚ್ಚು ಹರ್ಟ್ಜ್ ಕಂಪನ ಬೇಗ ಸಾಯುತ್ತದೆ, ಕಡಿಮೆ ಹರ್ಟ್ಜ್‌ದು ದೂರ ಹೋಗುತ್ತದೆ. ಹಾಗಾಗಿ ವಾಂಡ್ ಹೊರಗಿದ್ದುಕೊಂಡೇ ಒಳಗಿನದನ್ನು ಮಾತಾಡಿಸುತ್ತದೆ. ಬುಲೆಟ್ ಹೊರಗಿನ ಗುಂಡಿಯನ್ನೇ ಪೀಡಿಸುತ್ತದೆ. ಆ ಗುಂಡಿಗೆ ಹೋಗುವ ನರದಲ್ಲಿ ಹತ್ತು ಸಾವಿರಕ್ಕೂ ಹೆಚ್ಚು ಎಳೆಗಳಿವೆ ಅಂತ 2022ರಲ್ಲಿ ಅಮೆರಿಕದ ಒರೆಗಾನ್‌ನಲ್ಲಿ ಎಣಿಸಿದ್ದಾರೆ. ಅದಕ್ಕೆ ಮುಂಚೆ ಎಲ್ಲರೂ ಹೇಳುತ್ತಿದ್ದ 8000 ಎಂಬ ಲೆಕ್ಕ ಹಸುಗಳದ್ದಂತೆ. ಹೆಂಗಸರನ್ನು ಎಣಿಸಲು ಇಷ್ಟು ದಿನ ಯಾರಿಗೂ ಪುರುಸೊತ್ತಿರಲಿಲ್ಲ!

ನರಗಳ ಕಡೆಯಿಂದಲೂ ಒಂದು ಮಾತು. ಚರ್ಮದ ಆಳದಲ್ಲಿ ಕಂಪನ ಹಿಡಿಯುವ ಪಸಿನಿಯನ್ ಎಂಬ ಸಣ್ಣ ಗ್ರಾಹಕಗಳಿವೆ. ಅವು 200ರಿಂದ 300 ಹರ್ಟ್ಜ್ ಹತ್ತಿರ ಅತಿ ಚುರುಕು. ಆ ಲೆಕ್ಕದಲ್ಲಿ ಬುಲೆಟ್ಟೇ ಗೆಲ್ಲಬೇಕಿತ್ತು. ಆದರೆ ಜನನಾಂಗದಲ್ಲಿ ಕ್ರೌಸೆ ಗ್ರಾಹಕ ಅನ್ನುವ ಬೇರೊಂದು ಜಾತಿ ಒತ್ತೊತ್ತಾಗಿದೆ. 2024ರಲ್ಲಿ ಹಾರ್ವರ್ಡ್‌ನವರು ಇಲಿಗಳಲ್ಲಿ ಅವುಗಳನ್ನು ಪರೀಕ್ಷಿಸಿದರು. ಅವು ಹೆಚ್ಚು ಸ್ಪಂದಿಸಿದ್ದು 40ರಿಂದ 80 ಹರ್ಟ್ಜ್‌ಗೆ. ಇಲಿ ಇಲಿಯೇ, ನಾನು ನಾನೇ. ಆದರೂ ವಾಂಡ್ ಲೋ ಸ್ಪೀಡಿನಲ್ಲಿ ಇಷ್ಟು ಹಿತ ಯಾಕೆ ಅನ್ನುವುದಕ್ಕೆ ನನಗೆ ಇದಕ್ಕಿಂತ ಒಳ್ಳೆ ವಿವರಣೆ ಸಿಕ್ಕಿಲ್ಲ.

ಹಾಗಂತ ವಾಂಡ್‌ಗೆ ಪೂರ್ತಿ ಅಂಕ ಕೊಡುವುದಿಲ್ಲ. ತೂಕ ಅರ್ಧ ಕಿಲೋ. ಮಲಗಿಕೊಂಡು ಹಿಡಿದರೆ ಮಣಿಕಟ್ಟು ನೋಯುತ್ತದೆ. ಕಂಪನದ ಒಂದು ಪಾಲು ಹಿಡಿಕೆಯ ಮೂಲಕ ಕೈಗೇ ವಾಪಸ್ ಬರುತ್ತದೆ. ರಸ್ತೆ ಒಡೆಯುವ ಡ್ರಿಲ್ ಹಿಡಿಯುವವರ ಕೈ ಜೋಮು ಹಿಡಿಯುವುದನ್ನು ನಮ್ಮ ಫೀಲ್ಡಿನಲ್ಲಿ ಬೇರೆಯಾಗೇ ಅಳೆಯುತ್ತಾರೆ. ಇದು ಅಷ್ಟಿಲ್ಲ, ಆದರೆ ತತ್ವ ಒಂದೇ. ಕೊಳ್ಳುವಾಗ ತಲೆ ಮತ್ತು ಹಿಡಿಕೆಯ ನಡುವಿನ ಕತ್ತು ನೋಡಿ. ಅದು ಬಾಗುವ ರಬ್ಬರಿನಂತಿದ್ದರೆ ಕಂಪನ ಅಲ್ಲೇ ತಡೆಯುತ್ತದೆ. ಗಟ್ಟಿ ಪ್ಲಾಸ್ಟಿಕ್ ಆಗಿದ್ದರೆ ಅರ್ಧ ಸುಖ ಅಂಗೈಗೆ ಹೋಗುತ್ತದೆ. ನಾನು ಈಗ ದಿಂಬಿನ ನಡುವೆ ಸಿಕ್ಕಿಸಿ ಇಡುತ್ತೇನೆ. ಕೈಗೆ ಕೆಲಸವೇ ಇಲ್ಲ.

ಇನ್ನು ಸದ್ದು. ಕಡಿಮೆ ಶ್ರುತಿಯ ಸದ್ದು ಬಾಗಿಲಿಗೆ ನಿಲ್ಲುವುದಿಲ್ಲ, ಮರದ ಮೂಲಕ ನಡೆದುಕೊಂಡು ಹೋಗುತ್ತದೆ. ನಮ್ಮದು ತೇಗದ ಮಂಚ. ತಲೆಹಲಗೆ ಗೋಡೆಗೆ ತಾಗಿಕೊಂಡಿದೆ. ಗೋಡೆಯ ಆಚೆ ನಮ್ಮ ಅತ್ತೆಯ ರೂಮು. ಒಂದು ಬೆಳಿಗ್ಗೆ ಕಾಫಿ ಕೊಡುವಾಗ ಅತ್ತೆ, "ರಾತ್ರಿ ಫ್ರಿಜ್ಜು ಗುಂಯ್ ಅಂತಿತ್ತಲ್ಲಮ್ಮ, ಮೆಕ್ಯಾನಿಕ್ಕಿಗೆ ಹೇಳ್ಬಾರ್ದಾ?" ಅಂದರು. ನಮ್ಮನೆಯವರು ಪೇಪರಿನಿಂದ ತಲೆ ಎತ್ತದೆ, "ಹೇಳ್ತೀನಮ್ಮ" ಅಂದರು. ಅವತ್ತೇ ಮಂಚವನ್ನು ಗೋಡೆಯಿಂದ ನಾಲ್ಕು ಬೆರಳು ಆಚೆ ಎಳೆದೆವು. ಫ್ರಿಜ್ಜು ರಿಪೇರಿಯಾಯಿತು ಅಂತ ಅತ್ತೆ ಈಗ ಖುಷಿಯಾಗಿದ್ದಾರೆ.

ಅಮೆರಿಕದಲ್ಲಿರುವ ಅಕ್ಕನೋ ಗೆಳತಿಯೋ ವಾಂಡ್ ತಂದುಕೊಡುತ್ತೇನೆ ಅಂದರೆ ವೋಲ್ಟೇಜ್ ಕೇಳಿ. ವೈರ್ ಇರುವ ಮೂಲ ಮಾದರಿ ಅಲ್ಲಿನ 120 ವೋಲ್ಟ್‌ಗೆ ಮಾಡಿದ್ದು. ನಮ್ಮ 230ಕ್ಕೆ ಸಿಕ್ಕಿಸಿದರೆ ಗತಿ ಕೆಟ್ಟಂತೆ. ಚಾರ್ಜ್ ಮಾಡುವ ಮಾದರಿಯಾದರೆ ಅಡಾಪ್ಟರ್ ಮೇಲೆ 100ರಿಂದ 240 ಅಂತ ಇದೆಯೇ ನೋಡಿಕೊಂಡರೆ ಸಾಕು.

ಮೂರನೆಯದು ಗಾಳಿಯದ್ದು. ನಿಜ ಹೇಳಬೇಕೆಂದರೆ ನನಗೆ ಅತಿ ಹೆಚ್ಚು ಕುತೂಹಲ ಇದ್ದದ್ದು ಇದರ ಮೇಲೆ. ಇದರಲ್ಲಿ ಮೈಗೆ ಕಂಪನ ಕೊಡುವ ತಲೆಯೇ ಇಲ್ಲ. ಜರ್ಮನಿಯ ಬವೇರಿಯಾದ ಮೈಕಲ್ ಲೆಂಕೆ ಎಂಬ ಸಂಶೋಧಕ ಮೊದಲ ಮಾದರಿಯನ್ನು ಅಕ್ವೇರಿಯಂ ಪಂಪ್ ಬದಲಾಯಿಸಿ ಮಾಡಿಕೊಂಡಿದ್ದ. ಮೀನಿನ ತೊಟ್ಟಿಗೆ ಗುಳುಗುಳು ಗಾಳಿ ಬಿಡುತ್ತದಲ್ಲ, ಅದೇ. ಪರೀಕ್ಷೆಗೆ ಕೂತದ್ದು ಹೆಂಡತಿ. 2014ರಲ್ಲಿ ವುಮನೈಸರ್ ಅಂತ ಮಾರುಕಟ್ಟೆಗೆ ಬಂತು. ಎರಡು ವರ್ಷದಲ್ಲಿ ಸ್ಯಾಟಿಸ್‌ಫೈಯರ್ ಅಂತ ಇನ್ನೊಂದು ಜರ್ಮನ್ ಕಂಪನಿ ಅದೇ ಬಗೆಯದನ್ನು ತುಂಬ ಕಡಿಮೆ ಬೆಲೆಗೆ ತಂದಿತು. ಈಗ ಎಲ್ಲ ಕಡೆ ಇದರ ನಕಲುಗಳೇ.

ತುದಿಯಲ್ಲಿ ಮೆತ್ತನೆಯ ಸಿಲಿಕೋನ್ ಬಾಯಿ. ಅದರ ಹಿಂದೆ ಪುಟ್ಟ ಕೋಣೆ, ಕೋಣೆಯ ತಳದಲ್ಲಿ ಒಂದು ತೆಳು ಪೊರೆ. ಮೋಟರ್ ಆ ಪೊರೆಯನ್ನು ಮುಂದಕ್ಕೂ ಹಿಂದಕ್ಕೂ ತಳ್ಳುತ್ತದೆ. ಬಾಯಿ ಚರ್ಮಕ್ಕೆ ಸರಿಯಾಗಿ ಕೂತಿದ್ದರೆ ಒಳಗಿನ ಗಾಳಿ ಒಮ್ಮೆ ಒತ್ತುತ್ತದೆ, ಒಮ್ಮೆ ಸೆಳೆಯುತ್ತದೆ. ಜಾಹೀರಾತಿನಲ್ಲಿ ಹೀರುತ್ತದೆ ಅಂತ ಬರೆಯುತ್ತಾರೆ, ಅದು ಅರ್ಧ ಸತ್ಯ. ಸುಮ್ನೆ ಹೀರುತ್ತಲೇ ಇದ್ದರೆ ಚರ್ಮ ಊದಿಕೊಂಡು ನೋವಾಗುತ್ತದೆ. ಒತ್ತಿ ಬಿಡುವುದರಲ್ಲೇ ಇದರ ಜಾಣತನ ಇದೆ.

ಮೈಗೆ ಹೇಗೆ? ಘನ ವಸ್ತು ಯಾವುದೂ ಆ ಗುಂಡಿಯನ್ನು ಉಜ್ಜುವುದಿಲ್ಲ. ಉಜ್ಜಾಟ ಇಲ್ಲದ ಮೇಲೆ ಉರಿಯೂ ಇಲ್ಲ. ನನ್ನಂಥ ಒಣ ಚರ್ಮದವರಿಗೆ ಇದು ವರವೇ ಸರಿ. ಅನುಭವ ಬೇರೆಯದೇ ಜಾತಿಯದ್ದು. ವಾಂಡ್ ಇಡೀ ಕೆಳಹೊಟ್ಟೆಯನ್ನು ತುಂಬುತ್ತದೆ. ಇದು ಒಂದು ಕಾಳಿನಷ್ಟು ಜಾಗದಲ್ಲಿ, ಟುಕು ಟುಕು ಅಂತ ಲೆಕ್ಕ ಇಟ್ಟು ಬಡಿಯುತ್ತದೆ. ವೇಗ ಅಂತ ನೋಡಿದರೆ ಮೂರರಲ್ಲೂ ಇದೇ ಮುಂದು. ಎಷ್ಟು ಮುಂದು ಅಂದರೆ, ಕೆಲವೊಮ್ಮೆ ಮನಸ್ಸು ಇನ್ನೂ ನಾಳೆಯ ಟಿಫನ್ ಬಾಕ್ಸಿನ ಯೋಚನೆಯಲ್ಲಿರುತ್ತದೆ, ಮೈ ಆಗಲೇ ತುದಿ ಮುಟ್ಟಿ ಬಂದಿರುತ್ತದೆ. ನನಗೆ ಇದು ಅಷ್ಟೇನೂ ಹಿಡಿಸಲಿಲ್ಲ. ಗೆಳತಿ ಒಬ್ಬಳು, "ಲೇ, ಅದಕ್ಕೇ ಕಣೇ ನಾನು ತಗೊಂಡಿದ್ದು! ಮಕ್ಕಳು ಟ್ಯೂಷನ್‌ನಿಂದ ಬರೋದ್ರೊಳಗೆ ಮುಗೀಬೇಕು" ಅಂದಳು. ಅವರವರ ಟೈಮ್ ಟೇಬಲ್ಲು.

ಇದರ ತಾಪತ್ರಯ ಇರುವುದು ಬಾಯಿ ಕೂರುವುದರಲ್ಲಿ. ಎಲ್ಲರ ಮೈಯೂ ಒಂದೇ ಆಕಾರ ಅಲ್ಲ. ಬಾಯಿ ಚಿಕ್ಕದಾದರೆ ಅಂಚು ಒತ್ತುತ್ತದೆ, ದೊಡ್ಡದಾದರೆ ಗಾಳಿ ಸೋರುತ್ತದೆ. ಸೋರಿದ ತಕ್ಷಣ ಸದ್ದು ಏರುತ್ತದೆ, ಸುಖ ಇಳಿಯುತ್ತದೆ. ಅರ್ಧ ಸೆಂಟಿಮೀಟರ್ ಜಾರಿದರೂ ಮತ್ತೆ ಮೊದಲಿನಿಂದ ಹುಡುಕಬೇಕು. ಎರಡು ಅಳತೆಯ ಬಾಯಿ ಕೊಡುವ ಮಾದರಿ ಸಿಕ್ಕರೆ ಅದನ್ನೇ ತೆಗೆದುಕೊಳ್ಳಿ. ಅಂಚಿಗೆ ಒಂದೇ ಹನಿ ಜೆಲ್ ಹಚ್ಚಿದರೆ ಚೆನ್ನಾಗಿ ಅಂಟುತ್ತದೆ. ಜಾಸ್ತಿ ಹಚ್ಚಿದರೆ ಜೆಲ್ ಕೋಣೆಯೊಳಗೆ ತುಂಬಿಕೊಳ್ಳುತ್ತದೆ, ಗಾಳಿಗೆ ಜಾಗವೇ ಇರುವುದಿಲ್ಲ. ಆಮೇಲೆ ಬಾಯಿ ಕಳಚಿ, ಬಡ್ಸ್‌ನಿಂದ ಮೂಲೆ ಮೂಲೆ ಒರೆಸುವ ಶಿಕ್ಷೆ. ಮೂರರಲ್ಲಿ ತೊಳೆಯಲು ಅತಿ ರೇಜಿಗೆ ಇದೇ.

ಶುರುವಿನಲ್ಲಿ ಅತಿ ಕಡಿಮೆ ಮಟ್ಟಕ್ಕೇ ಇಡಿ. ನೇರವಾಗಿ ಮೇಲಿನ ಮಟ್ಟಕ್ಕೆ ಹೋದರೆ ಸುಖ ಅಲ್ಲ, ಚಿವುಟಿದ ಹಾಗೆ ಆಗುತ್ತದೆ.

ಜೋಮು ಹಿಡಿಯುವುದರ ಬಗ್ಗೆ ತುಂಬ ಜನ ಹೆದರುತ್ತಾರೆ. "ಅಭ್ಯಾಸ ಆಗ್ಬಿಟ್ರೆ ಆಮೇಲೆ ಗಂಡನ ಕೈ ಗೊತ್ತೇ ಆಗಲ್ವಂತೆ" ಅನ್ನುವ ಮಾತು ಕೇಳಿದ್ದೀರಿ, ಅಲ್ವಾ? ಆಗುವುದು ಇಷ್ಟು. ಒಂದೇ ಕಂಪನ ಬಿಡದೆ ಬಂದರೆ ನರಗಳು ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದು ಕಡಿಮೆ ಮಾಡುತ್ತವೆ. ಬಸ್ಸಿನ ಕಂಬಿ ಹಿಡಿದು ನಿಂತಾಗಲೂ ಇದೇ ಆಗುವುದು. ಕೈ ತೆಗೆದ ಸ್ವಲ್ಪ ಹೊತ್ತಿಗೆ ಸರಿಹೋಗುತ್ತದೆ. ಅಮೆರಿಕದ ಇಂಡಿಯಾನಾ ವಿಶ್ವವಿದ್ಯಾಲಯದವರು 2009ರಲ್ಲಿ ಪ್ರಕಟಿಸಿದ ಸಮೀಕ್ಷೆಯಲ್ಲಿ ವೈಬ್ರೇಟರ್ ಬಳಸಿದ ಹೆಂಗಸರಲ್ಲಿ ಶೇಕಡಾ 71.5ರಷ್ಟು ಮಂದಿ ತಮಗೆ ಯಾವತ್ತೂ ಅದರಿಂದ ಜನನಾಂಗದಲ್ಲಿ ಯಾವ ತೊಂದರೆಯೂ ಆಗಿಲ್ಲ ಅಂದಿದ್ದರು. ನನ್ನ ಬುಲೆಟ್ ಐದು ನಿಮಿಷಕ್ಕೇ ಮರಗಟ್ಟಿಸುತ್ತಿತ್ತು. ವಾಂಡ್‌ನಲ್ಲಿ ಲೋ ಸ್ಪೀಡಿನಲ್ಲಿದ್ದರೆ ಬರುವುದಿಲ್ಲ. ಗಾಳಿಯದ್ದರಲ್ಲಿ ಜೋಮು ನನಗೆ ಕಾಣಲೇ ಇಲ್ಲ.

ಮೋಡ್‌ಗಳಿಗೂ ಒಂದು ತರ್ಕ ಇದೆ ಅಂದರೆ ಅದು ಇದೇ. ಕಂಪನ ನಿಂತು ನಿಂತು ಬಂದರೆ ನರಕ್ಕೆ ಉಸಿರಾಡಲು ಬಿಡುವು. ಆದರೆ ಹತ್ತು ಮೋಡ್‌ನಲ್ಲಿ ಎಂಟು ಸುಮ್ನೆ ಗದ್ದಲ. ಇನ್ನೇನು ತುದಿ ಬಂತು ಅನ್ನುವಾಗ ಡಡಡ್ ಡಂ ಅಂತ ತಾಳ ತಪ್ಪಿಸುತ್ತವೆ. ಅದಕ್ಕಿಂತ ಕೆಟ್ಟದ್ದು ಒಂದೇ ಬಟನ್ ಇರುವ ವಿನ್ಯಾಸ. ಒಂದು ಸಲ ಕೈ ತಾಗಿ ಮೋಡ್ ಬದಲಾದರೆ ಬೇಕಾದ್ದಕ್ಕೆ ಮರಳಲು ಒಂಬತ್ತು ಸಲ ಒತ್ತಬೇಕು! ಪ್ಲಸ್, ಮೈನಸ್ ಬೇರೆ ಬೇರೆ ಬಟನ್, ಆಫ್ ಮಾಡಲು ಇನ್ನೊಂದು, ಕತ್ತಲಲ್ಲಿ ಬೆರಳಿಗೆ ಗೊತ್ತಾಗುವ ಉಬ್ಬು. ಇಷ್ಟಿದ್ದರೆ ನಾನು 500 ರೂಪಾಯಿ ಜಾಸ್ತಿ ಕೊಡಲು ತಯಾರು.

ಬ್ಯಾಟರಿ ಇಳಿದಂತೆ ಸ್ಪೀಡ್ ಇಳಿಯುತ್ತದೆಯೇ ನೋಡಿ. ಬುಲೆಟ್‌ನಲ್ಲಿ ಸೆಲ್ ಹಳೆಯದಾದರೆ ಮೋಟರ್ ನೇರವಾಗಿ ಸೊರಗುತ್ತದೆ. ಒಳ್ಳೆಯ ವಾಂಡ್‌ನಲ್ಲಿ ವೋಲ್ಟೇಜನ್ನು ಹಿಡಿದಿಡುವ ಸರ್ಕ್ಯೂಟ್ ಇರುತ್ತದೆ. ಚಾರ್ಜ್ ಮುಗಿಯುವವರೆಗೂ ಶ್ರುತಿ ಬಿಡುವುದಿಲ್ಲ.

ಇಲ್ಲಿಯವರೆಗೆ ಮೋಟರ್ ಪುರಾಣವಾಯಿತು. ಆದರೆ ನನ್ನ ಉರಿ ಕಡಿಮೆಯಾದದ್ದರಲ್ಲಿ ಮೋಟರಿನಷ್ಟೇ ಪಾಲು ಹೊರಗಿನ ಹೊದಿಕೆ ಮತ್ತು ಜೆಲ್‌ಗೂ ಇದೆ. ಬುಲೆಟ್ ಜೊತೆ ಒಂದು ಜೆಲ್ಲಿಯಂಥ ರಬ್ಬರ್ ಟೋಪಿ ಕೊಟ್ಟಿದ್ದರು. ಡಬ್ಬ ತೆರೆದಾಗ ಹೊಸ ಶವರ್ ಕರ್ಟನ್ ವಾಸನೆ. ಮಳೆಗಾಲ ಮುಗಿಯುವಷ್ಟರಲ್ಲಿ ಕೈಗೆ ಅಂಟತೊಡಗಿತು. ಮೆತ್ತಗಿನ ಅಗ್ಗದ ಪಿವಿಸಿಯನ್ನು ಮೆತ್ತಗೆ ಮಾಡಲು ಥ್ಯಾಲೇಟ್ ಎಂಬ ರಾಸಾಯನಿಕ ಬೆರೆಸುವುದುಂಟು. ಅದು ನಿಧಾನವಾಗಿ ಹೊರಗೆ ಜಿನುಗುತ್ತದೆ. ಜೊತೆಗೆ ಇಂಥ ಪಿವಿಸಿಯಲ್ಲಿ ಕಣ್ಣಿಗೆ ಕಾಣದ ರಂಧ್ರಗಳಿರುತ್ತವೆ, ಎಷ್ಟು ತೊಳೆದರೂ ಒಳಗೆ ಕೊಳೆ ಉಳಿಯುತ್ತದೆ. ಸಿಲಿಕೋನ್, ಎಬಿಎಸ್ ಪ್ಲಾಸ್ಟಿಕ್, ಗಾಜು, ಸ್ಟೀಲಿನಲ್ಲಿ ಈ ತಲೆನೋವಿಲ್ಲ. ಈ ಸಾಮಾನುಗಳಿಗೆಂದೇ 2021ರಲ್ಲಿ ಐಎಸ್‌ಒ 3533 ಅನ್ನುವ ಅಂತರರಾಷ್ಟ್ರೀಯ ಮಾನದಂಡ ಬಂದಿದೆ. ಡಬ್ಬದ ಮೇಲೆ ಆ ಸಂಖ್ಯೆ ಕಂಡರೆ ಒಂದು ಅಂಕ ಜಾಸ್ತಿ ಕೊಡಿ.

ಸಿಲಿಕೋನ್ ಮುಟ್ಟಲು ಮೆತ್ತಗಿದ್ದರೂ ಒಣಗಿದ್ದಾಗ ಚರ್ಮವನ್ನು ಹಿಡಿದೆಳೆಯುತ್ತದೆ. ಜೆಲ್ ಬೇಕೇ ಬೇಕು. ನೀರು ಆಧಾರಿತ ಜೆಲ್ ಎಲ್ಲದಕ್ಕೂ ಒಗ್ಗುತ್ತದೆ. ಸಿಲಿಕೋನ್ ಜೆಲ್ಲನ್ನು ಸಿಲಿಕೋನ್ ಸಾಧನಕ್ಕೆ ಹಚ್ಚಬೇಡಿ, ಮೇಲ್ಮೈ ಉಬ್ಬಿ ಅಂಟಂಟಾಗಬಹುದು. ಮೆಡಿಕಲ್ ಶಾಪಿನಲ್ಲಿ ಸಿಕ್ಕ ಮೊದಲನೇ ಜೆಲ್ ನನಗೆ ಇನ್ನಷ್ಟು ಉರಿ ತಂದಿತ್ತು. ಡಾಕ್ಟರನ್ನು ಕೇಳಿದರೆ, "ಗ್ಲಿಸರಿನ್ ಜಾಸ್ತಿ ಇದ್ರೆ ಹಾಗೇ. ಅದು ಚರ್ಮದೊಳಗಿನ ನೀರನ್ನೇ ಎಳ್ಕೊಳ್ಳುತ್ತೆ" ಅಂದರು. ಇದನ್ನು ಅಳೆಯುವುದಕ್ಕೆ ಆಸ್ಮೊಲಾಲಿಟಿ ಅಂತ ಒಂದು ಅಳತೆ ಇದೆ. ವಿಶ್ವ ಆರೋಗ್ಯ ಸಂಸ್ಥೆ 2012ರಲ್ಲಿ ಕೊಟ್ಟ ಸಲಹೆಯಲ್ಲಿ ಅದು 380ಕ್ಕಿಂತ ಕಡಿಮೆ ಇದ್ದರೆ ಒಳ್ಳೆಯದು, 1200 ಮೀರಬಾರದು ಅಂತ ಇದೆ. ಜೊತೆಗೆ ಪಿಎಚ್ ನೋಡಿ. ಯೋನಿಯದ್ದು ಸಾಧಾರಣವಾಗಿ 3.8ರಿಂದ 4.5. ಜೆಲ್ ಕೂಡ ಅದರ ಹತ್ತಿರ ಇರಬೇಕು. ಗ್ಲಿಸರಿನ್ ಇಲ್ಲದ ಜೆಲ್‌ಗೆ ಬದಲಾಯಿಸಿದ ಮೇಲೆ ಅದೇ ವಾಂಡ್, ಅದೇ ಸ್ಪೀಡು, ಉರಿ ಮಾತ್ರ ಇಲ್ಲ.

ಕೊಬ್ಬರಿ ಎಣ್ಣೆ ಸಾಕಲ್ವಾ ಅಂತ ಕೇಳುವವರಿದ್ದಾರೆ. ಸಿಲಿಕೋನ್‌ಗೆ ಎಣ್ಣೆಯಿಂದ ತೊಂದರೆ ಇಲ್ಲ. ಕಾಂಡೊಮ್‌ಗೆ ಇದೆ, ಎಣ್ಣೆ ತಾಗಿದ ಲೇಟೆಕ್ಸ್ ಹರಿಯುತ್ತದೆ. ಮುಟ್ಟು ಹೆಚ್ಚುಕಡಿಮೆ ಆಗಿದೆ ಅಂದ ಮಾತ್ರಕ್ಕೆ ಗರ್ಭ ನಿಲ್ಲುವುದಿಲ್ಲ ಅಂತಲ್ಲ. ನನ್ನ ವಯಸ್ಸಿನವರು ಇದನ್ನು ಮರೆಯಬಾರದು. ಮತ್ತೆ, ಎಷ್ಟು ಜೆಲ್ ಹಚ್ಚಿದರೂ ನೋವು ಉಳಿದರೆ ಸ್ಪೀಡ್ ಬದಲಾಯಿಸುತ್ತ ಕೂರಬೇಡಿ, ಡಾಕ್ಟರ ಹತ್ತಿರ ಹೋಗಿ. ಅದು ಮೋಟರಿನ ಸಮಸ್ಯೆ ಅಲ್ಲ.

ಬಿಸಿಯಾಗುವ ತಲೆ, ಬ್ಲೂಟೂತ್ ಆ್ಯಪ್, ಇವೆರಡನ್ನೂ ನಾನು ದಾಟಿಸಿಬಿಟ್ಟೆ. ಬಿಸಿಗೆ ಒಂದು ಮಗ್ ಬೆಚ್ಚಗಿನ ನೀರು ಸಾಕು. ಐಪಿಎಕ್ಸ್7 ಅಂತ ಬರೆದಿದ್ದರೆ ಒಂದು ಮೀಟರ್ ನೀರಿನಲ್ಲಿ ಅರ್ಧ ಗಂಟೆ ಇದ್ದರೂ ಒಳಗೆ ನೀರು ಹೋಗಬಾರದು ಅಂತ ಅರ್ಥ. ಡಿಸೆಂಬರಿನಲ್ಲಿ ತಣ್ಣನೆ ಸಿಲಿಕೋನ್ ಮೈಗೆ ತಾಗಿದರೆ ಇರುವ ಮೂಡೂ ಹೋಗುತ್ತದೆ, ಹಾಗಾಗಿ ಈ ಮಗ್ ಕೆಲಸ ನಾನು ತಪ್ಪಿಸುವುದಿಲ್ಲ. ಆ್ಯಪ್ ಕಥೆ ಬೇರೆ. ಕೆನಡಾದ ವಿ-ವೈಬ್ ಆ್ಯಪ್ ಯಾರು ಯಾವಾಗ ಎಷ್ಟು ಸ್ಪೀಡಿನಲ್ಲಿ ಬಳಸಿದರು ಅನ್ನುವುದನ್ನೂ ಸಂಗ್ರಹಿಸುತ್ತಿತ್ತು ಅಂತ 2016ರಲ್ಲಿ ಅಮೆರಿಕದಲ್ಲಿ ಕೇಸ್ ಆಯಿತು. ಮರುವರ್ಷ ಕಂಪನಿ ದೊಡ್ಡ ಮೊತ್ತ ಕೊಟ್ಟು ರಾಜಿ ಮಾಡಿಕೊಂಡಿತು. ನನ್ನ ಫೋನಿಗೆ ಆಗಲೇ ನನ್ನ ಬಗ್ಗೆ ಬೇಕಾದಷ್ಟು ಗೊತ್ತು. ಇದೊಂದು ಗೊತ್ತಿಲ್ಲದೇ ಇರಲಿ.

ತರಿಸುವುದು ಹೇಗೆ ಅಂತ ಗೆಳತಿಯರು ಮೊದಲು ಕೇಳುವ ಪ್ರಶ್ನೆ. ಆನ್‌ಲೈನ್‌ನಲ್ಲೇ. ಕಂದು ಡಬ್ಬ, ಮೇಲೆ ಬಾಡಿ ಮಸಾಜರ್ ಅಂತ ಚೀಟಿ. ಗೇಟಿನ ಸೆಕ್ಯೂರಿಟಿ ಅಣ್ಣ, "ಮೇಡಂ, ಬೆನ್ನುನೋವಾ?" ಅಂತ ಕೇಳಿದ್ದು ಬಿಟ್ಟರೆ ಏನೂ ಆಗಲಿಲ್ಲ. ಇಂಥ ಮಸಾಜರ್‌ಗಳನ್ನು ಬೇರೆ ಕೆಲಸಕ್ಕೂ ಬಳಸಬಹುದು ಅಂತ ಕಸ್ಟಮ್ಸ್‌ನವರು ಹಿಡಿದಿಟ್ಟ ಒಂದು ಕೇಸು ಬಾಂಬೆ ಹೈಕೋರ್ಟಿಗೆ ಹೋಗಿತ್ತು. 2024ರಲ್ಲಿ ಕೋರ್ಟು ಕಸ್ಟಮ್ಸ್‌ನ ವಾದವನ್ನು ಒಪ್ಪಲಿಲ್ಲ. ಆ ತೀರ್ಪಿನ ಸುದ್ದಿಯನ್ನು ಗೆಳತಿಯರಿಗೆಲ್ಲ ಕಳಿಸಿದ್ದೆ.

ಈಗ ಯಾವುದು ತಗೊಳ್ಳಲಿ ಅಂದರೆ ನನ್ನ ಉತ್ತರ ಹೀಗೆ. ಮೊದಲನೆಯದು, ಒಂದೇ ಒಂದು ಅಂದರೆ, ವಾಂಡ್. 5000 ರೂಪಾಯಿ ಹತ್ತಿರ ಆಯಿತು, ಕೊರಗಿಲ್ಲ. ಮುಟ್ಟಿಸಿದರೇ ಉರಿ ಅನ್ನುವವರಿಗೆ, ಅಥವಾ ಪುರುಸೊತ್ತೇ ಇಲ್ಲದವರಿಗೆ, ಗಾಳಿಯದ್ದು. ಅದರಲ್ಲಿ ಅಗ್ಗದ ನಕಲಿಗೂ ಒಳ್ಳೆಯದಕ್ಕೂ ವ್ಯತ್ಯಾಸ ಇರುವುದು ಬಾಯಿಯ ಮೆತ್ತನೆಯಲ್ಲಿ ಮತ್ತು ಅತಿ ಕಡಿಮೆ ಮಟ್ಟ ಎಷ್ಟು ಕಡಿಮೆ ಅನ್ನುವುದರಲ್ಲಿ. ಗರಿಷ್ಠ ಶಕ್ತಿ ಎಲ್ಲರಲ್ಲೂ ಇರುತ್ತದೆ, ಕನಿಷ್ಠ ಸರಿಯಾಗಿ ಮಾಡುವವರು ಕಡಿಮೆ. ಬುಲೆಟ್ ಯಾರಿಗೂ ಬೇಡವೇ? ಗಂಡನ ಜೊತೆ ಇರುವಾಗ ನಡುವೆ ಇಟ್ಟುಕೊಳ್ಳಲು ಅದರ ಗಾತ್ರ ಅನುಕೂಲ, ಅದನ್ನು ಒಪ್ಪುತ್ತೇನೆ. ಆದರೆ ಆ ಕೆಲಸಕ್ಕೆ ಚಾರ್ಜ್ ಮಾಡುವ, ಸಿಲಿಕೋನ್ ಹೊದಿಕೆಯ, ಸ್ವಲ್ಪ ದಪ್ಪನೆಯದನ್ನು ಹುಡುಕಿ. ದಪ್ಪ ಇದ್ದಷ್ಟೂ ಒಳಗೆ ಭಾರಕ್ಕೆ ಜಾಗ.

ನನ್ನ ಬುಲೆಟ್‌ನ ರಬ್ಬರ್ ಟೋಪಿ ಕಸಕ್ಕೆ ಹೋಯಿತು. ಮೋಟರನ್ನು ನಮ್ಮನೆಯವರು ಬಿಚ್ಚಿಟ್ಟುಕೊಂಡಿದ್ದಾರೆ, ಏನಕ್ಕೋ ಬೇಕಂತೆ.